ಕೊಡಗಿನ ದಿವಾನಗಿರಿಯೂ ಕಂಪನಿಯ ಕಾಗದಗಳೂ

ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಘಟ್ಟದ ದಾರಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. 1834ರ ಏಪ್ರಿಲಿನಲ್ಲಿ ಕರ್ನಲ್ ಫೌಲಿಸನ ಸೈನ್ಯವು ಕಣ್ಣೂರಿನಿಂದ ಹೊರಟು, ಈ ಸೀಮೆಯ ಹೆಗ್ಗಳ ಘಟ್ಟವನ್ನೇರಿ ವಿರಾಜಪೇಟೆಯನ್ನು ಮುಟ್ಟಿತು. ಸೈನ್ಯ ಬಂದುದಕ್ಕೂ ಮೊದಲು ಬಂದವು ಪತ್ರಗಳು. ಮೈಸೂರು ಸೀಮೆಗೆ ಓಡಿಹೋದ ತನ್ನ ತಂಗಿ ದೇವಮ್ಮಾಜಿಯನ್ನೂ ಆಕೆಯ ಪತಿ ಚೆನ್ನಬಸಪ್ಪನನ್ನೂ ಒಪ್ಪಿಸಬೇಕೆಂದು ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನು ಕಂಪನಿಗೆ ಕಟುವಾಗಿ ಬರೆದನು. ಕಂಪನಿಯ ದೂತ ಕರುಣಾಕರ ಮೆನನನನ್ನು ಸೆರೆಯಲ್ಲಿಟ್ಟನು. ರಾಜ್ಯವು ಉಳಿಯಲಿಲ್ಲ.

ಯುದ್ಧದ ವೃತ್ತಾಂತ ಎಲ್ಲರಿಗೂ ತಿಳಿದದ್ದು. ಅದರ ನಂತರದ ನೇಮಕಾತಿಗಳನ್ನು ಕುರಿತು ಆಲೋಚಿಸಿದವರು ಕಡಿಮೆ. 1834ರ ಮೇ 7ರಂದು ಹೊರಟ ಘೋಷಣೆಯಲ್ಲಿ ಕರ್ನಲ್ ಫ್ರೇಸರನು, ಪ್ರಜೆಗಳ ಸರ್ವಾನುಮತದ ಇಚ್ಛೆಯಂತೆಯೇ ಕೊಡಗು ಕಂಪನಿಗೆ ಸೇರಿತೆಂದು ಸಾರಿದನು. ಆ ಸರ್ವಾನುಮತವನ್ನು ಎಣಿಸಿದವರು ಯಾರೆಂಬುದು ಬೇರೆ ಮಾತು! ರಾಜನ ಕಾಲದ ದಿವಾನರನ್ನೂ ಅಧಿಕಾರಿಗಳನ್ನೂ ಆತನು ತೆಗೆದುಹಾಕದೆ ಹಾಗೆಯೇ ಮುಂದುವರಿಸಿದನು. ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ, ಲಕ್ಷ್ಮೀನಾರಾಯಣ ಇವರು ಆ ದಿವಾನರು. ಕೆಲಸವೂ ಅದೇ, ಕಚೇರಿಯೂ ಅದೇ. ಆದರೆ ಹುದ್ದೆಯ ಆಧಾರವು ಬದಲಾಯಿತು. ಮೊದಲು ಅದು ಅರಮನೆಯ ನಿರೂಪದಿಂದ ಬರುತ್ತಿತ್ತು, ಅರಮನೆಯ ಮುನಿಸಿನಿಂದ ಹೋಗುತ್ತಿತ್ತು. ಈಗ ಮಡಿಕೇರಿಯ ಸೂಪರಿಂಟೆಂಡೆಂಟನು ಬೆಂಗಳೂರಿನ ಕಮಿಷನರಿಗೆ ಬರೆಯುವ ಅಭಿಪ್ರಾಯವೇ ಅದಕ್ಕೆ ಬುಡವಾಯಿತು. ತನ್ನ ಕುರಿತು ಏನು ಬರೆದಿದೆಯೆಂಬುದು ದಿವಾನನ ಕಣ್ಣಿಗೆ ಬೀಳುವಂತಿರಲಿಲ್ಲ.

ಇದರ ಪರೀಕ್ಷೆ ಮೂರೇ ವರ್ಷಗಳಲ್ಲಿ ಒದಗಿತು. ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದ ಕಂದಾಯವನ್ನು ನಗದಾಗಿ ಕೇಳತೊಡಗಿದ್ದರಿಂದ ರೈತರು ಕಂಗೆಟ್ಟಿದ್ದರು. 1837ರ ಏಪ್ರಿಲಿನಲ್ಲಿ ದಂಗೆಯೆದ್ದು ಮಂಗಳೂರನ್ನೇ ಹಿಡಿದರು. ಬೋಪು ಮತ್ತು ಪೊನ್ನಪ್ಪ ಕಂಪನಿಯ ಪಕ್ಷದಲ್ಲಿ ನಿಂತರು. ಲಕ್ಷ್ಮೀನಾರಾಯಣನು, ಆತನ ಸಹೋದರ ರಾಮಪ್ಪಯ್ಯನು ದಂಗೆಯಲ್ಲಿ ಸೇರಿದ್ದನೆಂಬ ಕಾರಣದಿಂದ ಶಂಕೆಗೆ ಗುರಿಯಾಗಿ ಸೆರೆಮನೆ ಸೇರಿದನು. ಆ ನಗದು ಕಂದಾಯದ ಕಷ್ಟವನ್ನು ಸರಕಾರಕ್ಕೆ ಅರಿಕೆ ಮಾಡಬೇಕಾದವರು ದೇಶೀಯ ಅಧಿಕಾರಿಗಳೇ. ಆದರೆ ನಿಷ್ಠೆಯೇ ಅರ್ಹತೆಯಾದ ಹುದ್ದೆಯಲ್ಲಿ ಕುಳಿತವನು ಅಪ್ರಿಯವಾದ ವರದಿಯನ್ನು ಬರೆಯುವುದು ಹೇಗೆ?

ದಂಗೆ ಅಡಗಿದ ಮೇಲೆ ಕಂಪನಿಯು ತನಗೆ ನೆರವಾದವರಿಗಾಗಿ ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಮಾಡಿಸಿ ಹಂಚಿತು. ಅದರ ಮೇಲೆ ಆಯುಧಪಾಣಿಯಾದ ಕೊಡವ ವೀರನ ಚಿತ್ರ; ಪ್ರಶಂಸೆಯ ಮಾತನ್ನು ಕನ್ನಡದಲ್ಲಿಯೂ ಕೊರೆಯಿಸಿದ್ದರು.