ಪಡಸಾಲೆಯ ಆಟಗಳನ್ನು ಅರಸಿ ಮೈಸೂರಿಗೆ

ನಮ್ಮ ಮಾಗಡಿಗೆ ಪ್ರತಿವರ್ಷ ಚಳಿಗಾಲದಲ್ಲಿ ದೂರದ ಅತಿಥಿಗಳು ಬರುತ್ತಾರೆ. ಹಿಮಾಲಯದಾಚೆಯ ಸೀಮೆಯಿಂದ ಹಾರಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಯ ಕೆರೆಯಲ್ಲಿ ಕೆಲವು ತಿಂಗಳು ತಂಗಿ ಹೋಗುತ್ತವೆ. ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ ಈ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳನ್ನು ನೋಡಲೆಂದು ಪಟ್ಟಣಗಳಿಂದ ಜನ ಬರುವುದು ನಮಗೆ ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಬಾಲಕನೊಬ್ಬನು ನಮ್ಮ ಓಣಿಯ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದನು. ಹಾಸುಗಲ್ಲಿನಲ್ಲಿ ಗೀರಿದ್ದ ಚೌಕಗಳನ್ನು ತೋರಿಸಿ, "ಅಜ್ಜಾ, ಇದೇನು?" ಎಂದು ಕೇಳಿದನು. ಅದು ಚೌಕಾಬಾರದ ಮನೆ. ನಮ್ಮ ಕಡೆ ಕೆಲವರು ಚಕ್ಕಾ ಎಂದೂ ಕರೆಯುತ್ತಾರೆ. ಹೆಸರನ್ನೇನೋ ಹೇಳಿದೆವು. "ಹೇಗೆ ಆಡುವುದು?" ಎಂದು ಕೇಳಿದಾಗ ಮಾತ್ರ ಅಲ್ಲಿದ್ದ ನಾವು ಮೂವರು ಮೂರು ಬಗೆಯಾಗಿ ಹೇಳಿದೆವು. ಅರವತ್ತು ದಾಟಿದ ನಮಗೇ ಮನೆಯ ಆಟ ಮರೆತಿದೆಯೆಂಬ ನಾಚಿಕೆ ಅಂದು ಮನಸ್ಸಿನಲ್ಲಿ ಉಳಿಯಿತು.

ಮೈಸೂರಿನಲ್ಲಿ ಇಂಥ ಆಟಗಳದೇ ಒಂದು ದೊಡ್ಡ ಪ್ರದರ್ಶನ ನಡೆಯುವುದೆಂದು ನಮ್ಮ ಗೆಳೆಯರಾದ ನಿವೃತ್ತ ಮಾಸ್ತರರು ತಿಳಿಸಿದರು. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇದನ್ನು ಹಲವು ಸಲ ನಡೆಸಿದ್ದಾರೆ. ಮಾಸ್ತರರು ರೈಲಿನ ಟಿಕೆಟುಗಳನ್ನು ನಾಲ್ಕು ಜನರ ಹೆಸರಿನಲ್ಲಿ ತಂದರು. ನಾವು, ಅವರು, ಮತ್ತಿಬ್ಬರು ಬಾಲ್ಯದ ಗೆಳೆಯರು.

ಆ ಇಬ್ಬರು ಅಣ್ಣತಮ್ಮಂದಿರ ಮಕ್ಕಳು. ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಹಾಸುಗಲ್ಲಿನ ಮೇಲೆ ನಮ್ಮೊಡನೆ ಆಡಿದವರು. ಹೊಲದ ಬದುವಿನ ತಕರಾರು ಹುಟ್ಟಿ ನಾಲ್ಕು ವರ್ಷಗಳಾಗಿದ್ದವು. ಅಂದಿನಿಂದ ಅವರು ಒಬ್ಬರ ಮನೆಯ ಹೊಸ್ತಿಲನ್ನು ಒಬ್ಬರು ತುಳಿದಿರಲಿಲ್ಲ. ತಮ್ಮನ ಮಗಳ ಮದುವೆಗೆ ಅಣ್ಣ ಬರಲಿಲ್ಲ. ಅಣ್ಣನ ಮನೆಯ ಸಾವಿಗೆ ತಮ್ಮ ದೂರ ನಿಂತು ಹೋದ. ಇಬ್ಬರಿಗೂ ಟಿಕೆಟು ತೆಗೆದುದನ್ನು ಮಾಸ್ತರರು ಯಾರಿಗೂ ಹೇಳಿರಲಿಲ್ಲ. ಗದಗ ನಿಲ್ದಾಣದಲ್ಲಿ ಎದುರುಬದುರಾದಾಗ ಇಬ್ಬರೂ ಮಾಸ್ತರರ ಮುಖ ನೋಡಿದರು. ಹಿಂದಿರುಗಲು ಇಬ್ಬರಿಗೂ ಸಂಕೋಚವಾಯಿತು. ರಾತ್ರಿಯ ಪ್ರಯಾಣವೆಲ್ಲ ಮೌನದಲ್ಲೇ ಕಳೆಯಿತು.

ಮೈಸೂರಿನ ಮೃಗಾಲಯದ ಎದುರಿಗಿರುವ ಪ್ರತಿಮಾ ಗ್ಯಾಲರಿಯ ಒಳಹೊಕ್ಕಾಗ ನಮ್ಮ ಬಾಲ್ಯವೇ ಅಲ್ಲಿ ಹರಡಿದಂತಿತ್ತು. ಪಗಡೆಯ ಹಾಸು, ಚೌಕಾಬಾರ, ಅಳಗುಳಿಮಣೆ, ಆಡು-ಹುಲಿ ಎಲ್ಲವೂ ಇದ್ದವು. ನೂಲಿನ ಕಸೂತಿ, ಮರಗೆತ್ತನೆ, ಅರಗಿನ ಬಣ್ಣ ಮೊದಲಾದ ಕೈಕಸುಬುಗಳಲ್ಲಿ ಮೈದಳೆದಿದ್ದವು. ನಾವು ಸೀಮೆಸುಣ್ಣದಿಂದ ಗೀರಿ ಸಂಜೆಗೆ ಅಳಿಸಿಬಿಡುತ್ತಿದ್ದ ಗೆರೆಗಳಿಗೆ ಇಷ್ಟೊಂದು ಗೌರವವೇ ಎಂದು ಮನಸ್ಸು ತುಂಬಿ ಬಂದಿತು.

ಈ ಆಟಗಳಿಗೂ ಮೈಸೂರಿಗೂ ಹಳೆಯ ನಂಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. 1831ರಲ್ಲಿ ಆಂಗ್ಲರು ಅವರಿಂದ ಆಡಳಿತವನ್ನು ಕಿತ್ತುಕೊಂಡರು. ಅವರು ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟುವ ಜಾಣ್ಮೆಯ ಬಂಧಗಳನ್ನು ರಚಿಸಿದರು. ಅವರು ಕಲ್ಪಿಸಿದ ಆಟಗಳ ಚಿತ್ರಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಬರೆಯಲಾಗಿದೆ.

ಆಟವು ಅರಮನೆಯ ಸೊತ್ತು ಮಾತ್ರವಲ್ಲ. ಹಂಪಿಯ ಮಂಟಪಗಳ ನೆಲಗಲ್ಲುಗಳಲ್ಲಿ ಇಂದಿಗೂ ಇಂಥ ಮನೆಗಳನ್ನು ಕೊರೆದಿರುವುದು ಕಾಣುತ್ತದೆ. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುವ ಶಿಲ್ಪವಿದೆ. ಶಿವರಾತ್ರಿಯ ಜಾಗರಣೆಯಲ್ಲಿ ನಿದ್ದೆಯನ್ನು ದೂರವಿಡಲು ಪಗಡೆ, ಚೌಕಾಬಾರಗಳನ್ನು ಆಡುವ ವಾಡಿಕೆ ನಾಡಿನ ಹಲವೆಡೆ ಇದೆ. ನಮ್ಮ ಪಚ್ಚೀಸಿಯೇ ರೂಪ ಬದಲಿಸಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರು ಪಡೆಯಿತು. ಮಕ್ಕಳು ಆಡುವ ಹಾವು-ಏಣಿಯೂ ಇಲ್ಲಿಂದ ಹೊರಟು ಪಾಶ್ಚಾತ್ಯರ ಕೈಯಿಂದ ಹಿಂದಿರುಗಿದ ಆಟವೇ. ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಿಂದ ನಡೆಯುತ್ತ ಬಂದಿರುವ ಮಣೆಯಾಟಗಳ ಮೇಳಕ್ಕೆ ಲಕ್ಷಗಟ್ಟಲೆ ಜನ ಸೇರುವರೆಂದರೆ ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಪಗಡೆಯೆಂದೊಡನೆ ಧರ್ಮರಾಯನ ನೆನಪಾಗಿ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಆ ಎಚ್ಚರಿಕೆ ಸರಿಯಾದದ್ದೇ. ಆದರೆ ಕೇಡು ಕವಡೆಯಲ್ಲಿಲ್ಲ, ಪಣದಲ್ಲಿದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡಿ ಮನೆ ಮುರಿದುಕೊಂಡ ತರುಣರ ಕಥೆ ಈಗ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಹಣವಿಟ್ಟು ಆಡುವ ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾಯ್ದೆ ಪಣವನ್ನು ತಡೆಯಬಹುದು. ಆದರೆ ಎದುರಿಗೆ ಕುಳಿತು ಆಡುವ ಜೊತೆಗಾರನನ್ನು ತಂದುಕೊಡಲಾರದು. ಆ ಕೆಲಸ ಮನೆಯವರದೇ.

ಮಾಸ್ತರರು ಹತ್ತಿಯ ಬಟ್ಟೆಯ ಮೇಲೆ ಮೂಡಿಸಿದ ಒಂದು ಚೌಕಾಬಾರದ ಹಾಸನ್ನೂ ನಾಲ್ಕು ಕವಡೆಗಳನ್ನೂ ಕೊಂಡುಕೊಂಡರು. ಮರಳುವ ರೈಲಿನಲ್ಲಿ ಊಟವಾದ ಮೇಲೆ ಕೆಳಗಿನ ಆಸನದ ಮೇಲೆ ಅದನ್ನು ಹಾಸಿದರು. ನಾಲ್ಕು ದಿಕ್ಕಿಗೆ ನಾಲ್ವರು ಬೇಕಷ್ಟೆ. ಆ ಇಬ್ಬರೂ ಒಲ್ಲೆನೆನ್ನದೆ ಕುಳಿತರು.

ಆಟದ ಕ್ರಮವನ್ನು ಮರೆತವರಿಗಾಗಿ ಇಲ್ಲಿ ಹೇಳುತ್ತೇವೆ. ಐದೈದರಂತೆ ಇಪ್ಪತ್ತೈದು ಮನೆಗಳು. ಪ್ರತಿ ಬದಿಯ ನಡುವಿನ ಮನೆ ಮತ್ತು ಎಲ್ಲದರ ನಡುವಿನ ಮನೆಗೆ ಕತ್ತರಿ ಗುರುತು, ಅವೇ ಕಟ್ಟೆಗಳು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಒಗೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವನಿಗೆ ಮತ್ತೊಮ್ಮೆ ಒಗೆಯುವ ಅವಕಾಶ. ಹೊರಸುತ್ತು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ. ಒಳಸುತ್ತು ಅದರ ವಿರುದ್ಧ ದಿಕ್ಕಿಗೆ. ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕಟ್ಟೆಯ ಮೇಲಿರುವ ಕಾಯನ್ನು ಹೊಡೆಯುವಂತಿಲ್ಲ. ಹೊಡೆಸಿಕೊಂಡ ಕಾಯಿ ತನ್ನ ಮನೆಗೆ ಮರಳಿ ಮೊದಲಿಂದ ನಡೆಯಬೇಕು. ಕವಡೆಯಿಲ್ಲದವರಿಗೆ ಹುಣಸೆಬೀಜವನ್ನು ಒಡೆದು ಮಾಡಿದ ಹೋಳುಗಳೇ ಸಾಕು.

ಮೊದಲ ಸುತ್ತಿನಲ್ಲಿ ಇಬ್ಬರೂ ತಲೆಯೆತ್ತಲಿಲ್ಲ. ಅಣ್ಣನ ಪಾಳಿ ಬಂದಾಗ ಅವನು ಕಿಟಕಿಯಾಚೆ ನೋಡುತ್ತಿದ್ದನು. ಕವಡೆಗಳು ತಮ್ಮನ ಕೈಯಲ್ಲಿದ್ದವು. ತುಸು ಹೊತ್ತು ಕಾಯ್ದು ತಮ್ಮನು, "ಅಣ್ಣಾ, ಪಾಳಿ ನಿಂದು. ಒಗಿ," ಎಂದನು. ನಾಲ್ಕು ವರ್ಷಗಳಲ್ಲಿ ಅವರ ನಡುವೆ ನಡೆದ ಮೊದಲ ಮಾತು ಅದು. ಅಣ್ಣನು ಕವಡೆ ಒಗೆದನು. ಬಾರ ಬಿದ್ದಿತು. ಮತ್ತೊಮ್ಮೆ ಒಗೆದು ತಮ್ಮನ ಹಣ್ಣಾಗಲಿದ್ದ ಕಾಯನ್ನೇ ಹೊಡೆದನು. ನಾವು ಉಸಿರು ಬಿಗಿಹಿಡಿದು ಕುಳಿತೆವು. ತಮ್ಮನು ನಕ್ಕು, "ಸಣ್ಣಾಂವ ಇದ್ದಾಗಿಂದ ಹಿಂಗ ಹೊಡದಿ ನನ್ನ," ಎಂದನು. ಅಣ್ಣನ ಕಣ್ಣು ತುಂಬಿದವು. ಅರಸೀಕೆರೆ ದಾಟಿದರೂ ಯಾರೂ ಮಲಗಲಿಲ್ಲ.

ಬದುವಿನ ತಕರಾರು ಆ ಒಂದೇ ರಾತ್ರಿಯಲ್ಲಿ ಬಗೆಹರಿಯಿತೆಂದು ಹೇಳಿದರೆ ಸುಳ್ಳಾದೀತು. ಅದು ಮುಂದೆ ಎರಡು ಮಳೆಗಾಲ ಹಾಗೆಯೇ ಇದ್ದು, ಕಡೆಗೆ ಹಿರಿಯರೆದುರು ಕಲ್ಲು ನೆಟ್ಟು ಮುಗಿಯಿತು. ಆದರೆ ಹಿರಿಯರ ಮುಂದೆ ಕೂಡಲು ಇಬ್ಬರೂ ಒಪ್ಪಿದ್ದು ಹೇಗೆಂಬುದು ನಮಗೆ ಗೊತ್ತು. ಮುನಿಸಿಕೊಂಡವರಿಗೆ 'ಮಾತಾಡಿರಿ' ಎಂದು ಹೇಳಿದರೆ ಮಾತು ಹುಟ್ಟುವುದಿಲ್ಲ. ಯಾರು ಮೊದಲು ಆಡಬೇಕೆಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗುತ್ತದೆ. ಆಟದಲ್ಲಿ ಆ ಪ್ರಶ್ನೆಯಿಲ್ಲ. ಪಾಳಿ ಬಂದವರು ಒಗೆಯಲೇಬೇಕು, ಕವಡೆಯನ್ನು ಎದುರಿನವರ ಕೈಗೆ ಕೊಡಲೇಬೇಕು.

ಇಂದು ಒಂದೇ ಸೂರಿನಡಿ ನಾಲ್ವರು ನಾಲ್ಕು ಮೊಬೈಲುಗಳ ಮುಂದೆ ಕುಳಿತಿರುತ್ತಾರೆ. ಅಜ್ಜಿಗೆ ಗೊತ್ತಿರುವ ಆಟ ಮೊಮ್ಮಗಳಿಗೆ ಗೊತ್ತಿಲ್ಲ. ಕೇಳುವವರಿಲ್ಲದೆ ಅಜ್ಜಿಗೂ ಮರೆಯುತ್ತಿದೆ. ಓದುಗ ಬಂಧುಗಳೇ, ಬರುವ ಶಿವರಾತ್ರಿಯ ಜಾಗರಣೆಯಲ್ಲಿ, ಇಲ್ಲವೇ ಪಂಚಮಿಯ ಬಿಡುವಿನಲ್ಲಿ, ನಿಮ್ಮ ಪಡಸಾಲೆಯಲ್ಲಿ ಇಪ್ಪತ್ತೈದು ಮನೆ ಬರೆಯಿರಿ. ಹಿರಿಯರನ್ನು ಕರೆದು ಅವರ ಬಾಯಿಂದಲೇ ಕ್ರಮ ಕೇಳಿರಿ. ಮಾತು ಬಿಟ್ಟ ನೆಂಟರಿದ್ದರೆ ಅವರಿಗೂ ಒಂದು ದಿಕ್ಕು ಕಾಯ್ದಿಡಿರಿ.

ನಮ್ಮ ಗುಡಿಯ ಕಟ್ಟೆಯ ಮೇಲಿನ ಗೆರೆಗಳು ಸವೆದಿದ್ದವು. ಕಳೆದ ದೀಪಾವಳಿಗೆ ಆ ಅಣ್ಣತಮ್ಮಂದಿರೇ ಉಳಿ ತಂದು ಅವನ್ನು ಮತ್ತೆ ಕೊರೆದಿದ್ದಾರೆ. ಈ ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವ ಮಕ್ಕಳು ಕೇಳಿದರೆ ಆಡಿ ತೋರಿಸಲು ನಾವು ನಾಲ್ವರಿದ್ದೇವೆ.