ಗೋಡೆಯ ಚಿತ್ತಾರ, ಮೈಮೇಲಿನ ಹಚ್ಚೆ: ವಿನ್ಯಾಸ ಯಾರ ಸೊತ್ತು?

ಹಚ್ಚೆಯ ಕಸುಬು ನಮ್ಮ ಸೀಮೆಗೆ ಹೊಸದಲ್ಲ. ಮನೆಬಾಗಿಲಿಗೆ ಬರುತ್ತಿದ್ದ ಕೊರವಂಜಿಯರು ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಹೆಣ್ಣುಮಕ್ಕಳ ಮುಂಗೈಯ ಮೇಲೆ ಹೂವು, ಚೇಳು ಮುಂತಾದವನ್ನು ಹುಯ್ದು, ಕೂಲಿಗೆ ಅಕ್ಕಿಯನ್ನೋ ಹಳೆಯ ಸೀರೆಯನ್ನೋ ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತ ವಿದ್ಯುತ್ತಿನ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದರ ಸಂತತಿಯ ಯಂತ್ರಗಳು ಇಂದು ಅಂಚೆಯ ಮೂಲಕ ಯಾವ ಹಳ್ಳಿಗಾದರೂ ಬಂದಿಳಿಯುತ್ತವೆ. ಆದುದರಿಂದ ಯಂತ್ರವಿದೆ ಎಂಬುದು ಈ ವ್ಯವಹಾರದಲ್ಲಿ ಬಂಡವಾಳವೆನಿಸದು. ದೂರವಾಣಿಯಲ್ಲಿ ಸಿಕ್ಕ ಚಿತ್ರವನ್ನು ಪಡಿಯಚ್ಚು ಮಾಡಿ ಚುಚ್ಚುವವನು ಪಕ್ಕದ ಅಂಗಡಿಯವನೊಡನೆ ದರದಲ್ಲಿ ಮಾತ್ರ ಸ್ಪರ್ಧಿಸಬಲ್ಲ. ತನ್ನ ಕಾಗದದ ಮೇಲೆ ತಾನೇ ರೇಖೆ ಎಳೆದು, ಜಲವರ್ಣದಲ್ಲಿ ಬಣ್ಣ ತುಂಬಿ ನೋಡುವವನಿಗೆ ಮಾತ್ರ ಮಾರಲು ಬೇರೊಂದು ಸರಕಿದೆ.

ಜಲವರ್ಣವೆಂದರೆ ಅಂಟು ಬೆರೆಸಿದ ಬಣ್ಣದ ಪುಡಿಯನ್ನು ನೀರಿನಲ್ಲಿ ತೆಳುಗೊಳಿಸಿ ಹಚ್ಚುವುದು. ಬಿಳುಪು ಬೇಕಾದೆಡೆ ಕಾಗದವನ್ನೇ ಬಿಡಬೇಕು. ಒಮ್ಮೆ ಹಚ್ಚಿದ್ದನ್ನು ಅಳಿಸುವುದು ಕಷ್ಟ. ಚರ್ಮದ ನಿಯಮವೂ ಬಹುತೇಕ ಇದೇ ಆಗಿರುವುದರಿಂದ ಈ ಅಭ್ಯಾಸವು ಕಸುಬುದಾರನಿಗೆ ಉಪಯುಕ್ತ. ಒಂದು ವ್ಯತ್ಯಾಸವುಂಟು. ನಮ್ಮವರ ಕಂದು ಮೈಬಣ್ಣದ ಮೇಲೆ ತಿಳಿ ಹಳದಿ, ತಿಳಿ ಗುಲಾಬಿಗಳು ಕಾಗದದಲ್ಲಿ ಕಂಡಂತೆ ಕಾಣುವುದಿಲ್ಲ. ಗಡಿರೇಖೆಯಿಲ್ಲದೆ ಬಣ್ಣವನ್ನು ಹರಿಯಬಿಡುವ 'ಜಲವರ್ಣ ಹಚ್ಚೆ'ಯು ಕೆಲವೇ ವರ್ಷಗಳಲ್ಲಿ ಮಸುಕಾಗಬಹುದು. ಅದಕ್ಕೆ ಒಳಗಡೆ ಕಪ್ಪು ರೇಖೆಯ ಆಸರೆ ಬೇಕು.

ರೇಖೆಯ ಮಾತು ಬಂದಾಗ ನಾವು ದೂರ ಹೋಗಬೇಕಿಲ್ಲ. ಸಿದ್ದಾಪುರ, ಶಿರಸಿ ಹಾಗೂ ನೆರೆಯ ಸಾಗರ, ಸೊರಬ ತಾಲ್ಲೂಕುಗಳ ದೀವರ ಮನೆಗಳಲ್ಲಿ ಮದುವೆಯ ಸಂದರ್ಭದಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರವೂ ನೀರಿನ ಬಣ್ಣದ ಕಲೆಯೇ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪು, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಅಳತೆಗೋಲಿನ ಹಂಗಿಲ್ಲದೆ ಸಮನಾಗಿ ಸಾಗುವ ಆ ಎಳೆಗಳನ್ನು ನೋಡಿದವರಿಗೆ ಕೈಯ ಪಳಗಿಕೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಇದೇ ಕೈಯ ಅಲಂಕಾರ ಸಲ್ಲುತ್ತದೆ.

ಈ ಚಿತ್ತಾರವನ್ನು ಇದ್ದಂತೆಯೇ ಕಿರಿದುಗೊಳಿಸಿ ತೋಳಿನ ಮೇಲೆ ಇಳಿಸಿದರೆ ಕೆಡುತ್ತದೆ. ಚರ್ಮದೊಳಗಿನ ಶಾಯಿ ಕಾಲಕ್ರಮದಲ್ಲಿ ಸ್ವಲ್ಪ ಹರಡುವುದರಿಂದ, ಒತ್ತೊತ್ತಾದ ಎಳೆಗಳು ಒಂದಕ್ಕೊಂದು ಕೂಡಿ ಕಪ್ಪು ಪಟ್ಟಿಯಾಗಿಬಿಡುತ್ತವೆ. ಎಳೆಗಳ ಸಂಖ್ಯೆ ತಗ್ಗಿಸಬೇಕು, ನಡುವಿನ ತೆರಪು ಹಿಗ್ಗಿಸಬೇಕು, ಸಪಾಟಾದ ಗೋಡೆಯ ಚೌಕವನ್ನು ಉರುಟಾದ ತೋಳಿಗೆ ಹೊಂದಿಸಬೇಕು. ಇದನ್ನು ಕಾಗದದ ಮೇಲೆ ನಾಲ್ಕಾರು ಬಾರಿ ಬರೆದು ನೋಡಿದವನೇ ಬಲ್ಲ. (ಚಿತ್ರಕ್ಕೆ ಬಳಸುವ ಬಣ್ಣ ಚರ್ಮಕ್ಕೆ ಸಲ್ಲದೆಂದು ಹೇಳಬೇಕಾಗಿಲ್ಲ. ಯುರೋಪಿನ ಒಕ್ಕೂಟವು 2022ರ ಜನವರಿಯಿಂದ ಹಚ್ಚೆ ಶಾಯಿಗಳ ರಾಸಾಯನಿಕಗಳಿಗೆ ಕಟ್ಟುನಿಟ್ಟಿನ ಮಿತಿ ವಿಧಿಸಿದೆ. ನಮ್ಮ ವರ್ತಕರೂ ಶಾಯಿಯ ಮೂಲವನ್ನು ವಿಚಾರಿಸಿಯೇ ತರಿಸುವುದು ಲೇಸು.)

ಹೀಗೆ ಸಿದ್ಧವಾದ ಚಿತ್ರ ಯಾರದು? ಹಚ್ಚೆಯವನದೇ, ಗಿರಾಕಿಯದೇ, ಚಿತ್ತಾರ ಬರೆದ ಅಮ್ಮನದೇ? ಅಮೆರಿಕದಲ್ಲಿ ಮುಷ್ಟಿಯೋಧ ಮೈಕ್ ಟೈಸನ್ನನ ಮುಖದ ಹಚ್ಚೆಯನ್ನು ಹೋಲುವ ಚಿತ್ರವನ್ನು ಚಲನಚಿತ್ರವೊಂದರಲ್ಲಿ ಬಳಸಿದ್ದಕ್ಕೆ, ಅದನ್ನು ರಚಿಸಿದ ಕಲಾವಿದನು 2011ರಲ್ಲಿ ದಾವೆ ಹೂಡಿದ್ದನು. ಪ್ರಕರಣ ರಾಜಿಯಲ್ಲಿ ಮುಗಿಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸ್ವಂತ ರೇಖಾಚಿತ್ರದ ಹಕ್ಕು ಬರೆದವರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ಆದರೆ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿದವನೇ ಮೊದಲ ಒಡೆಯನೆಂದು 17ನೆಯ ಕಲಮು ಹೇಳುತ್ತದೆ. ಇದನ್ನರಿಯದೆ ಗಿರಾಕಿಗೆಂದು ಬರೆದ ಜಲವರ್ಣವನ್ನೇ ಮತ್ತೊಬ್ಬರಿಗೆ ಮಾರಿದರೆ ತಕರಾರಿಗೆ ಎಡೆಯಾಗುತ್ತದೆ.

ಅಂಗಿ, ಚೀಲ, ಬಟ್ಟಲುಗಳ ಮೇಲೆ ಮುದ್ರಿಸುವ ತಯಾರಕರಿಗೆ ಮತ್ತೊಂದು ಸೂಕ್ಷ್ಮವಿದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರದ ಮೂಲಕ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಕೃತಿಸ್ವಾಮ್ಯ ಮುಗಿಯಿತು. ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆ. ಆದರೆ ಅರ್ಜಿಗೆ ಮುನ್ನವೇ ವಿನ್ಯಾಸವನ್ನು ಊರಿಗೆಲ್ಲ ತೋರಿಸಿದ್ದರೆ ಅದು ಹೊಸದೆನಿಸುವುದಿಲ್ಲ.

ತಲೆಮಾರುಗಳಿಂದ ಬಂದ ಚಿತ್ತಾರದ ಮೂಲ ಆಕೃತಿಗಳು ಈ ಯಾವ ಬೇಲಿಯೊಳಗೂ ನಿಲ್ಲುವುದಿಲ್ಲ. 2019ರಲ್ಲಿ ಶಿರಸಿ ಅಡಿಕೆಗೆ ದೊರೆತ ಭೌಗೋಳಿಕ ಸೂಚಕವನ್ನು ಉದಾಹರಿಸುವವರಿದ್ದಾರೆ. ಆ ಕಾಯ್ದೆ ಕಾಯುವುದು ಹೆಸರನ್ನು. ಆಕೃತಿಯನ್ನು ನಕಲು ಮಾಡಿ ಬೇರೆ ಹೆಸರಿನಲ್ಲಿ ಮಾರುವವನನ್ನು ಅದು ತಡೆಯಲಾರದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕೌದಿಯ ವಿನ್ಯಾಸಗಳ ಪಾಡೂ ಬೇರೆಯಲ್ಲ. ಸಿದ್ದಾಪುರದ ಮನೆಯೊಂದರ ಗೋಡೆಯ ಛಾಯಾಚಿತ್ರ ತೆಗೆದು ದೂರದ ಮುದ್ರಣಾಲಯಕ್ಕೆ ಕಳುಹಿಸಿದರೆ, ಬರೆದವಳಿಗೆ ಬಿಡಿಗಾಸೂ ಸೇರದು. ಈ ಲೇಖಕನ ದೃಷ್ಟಿಯಲ್ಲಿ ಇದು ನಿಯತ್ತಿನ ವ್ಯಾಪಾರವಲ್ಲ.

ನಮ್ಮ ವರ್ತಕರು ಮಾಡಬಹುದಾದ ಕೆಲಸ ಸರಳವಾದುದು. ಹಚ್ಚೆಗಾಗಲಿ, ಮುದ್ರಣಕ್ಕಾಗಲಿ, ಚಿತ್ತಾರ ಬಲ್ಲವರಿಂದಲೇ ಹೊಸದಾಗಿ ಕಾಗದದ ಮೇಲೆ ಬರೆಸಬೇಕು. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಲೇಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಬರೆದವರ ಹೆಸರು, ಸಂಭಾವನೆ, ಯಾವ ವಸ್ತುವಿಗೆ, ಎಷ್ಟು ಪ್ರತಿ, ಮರುಮುದ್ರಣಕ್ಕೆ ಎಷ್ಟು ಎಂಬಿಷ್ಟನ್ನು ಕನ್ನಡದಲ್ಲೇ ಒಂದು ಪುಟದಲ್ಲಿ ಬರೆದು, ಓದಿ ಹೇಳಿ, ಎರಡು ಪ್ರತಿ ಮಾಡಿ, ಒಂದನ್ನು ಬರೆದವರ ಕೈಗೆ ಕೊಡತಕ್ಕದ್ದು.