ನಾಳವಿಲ್ಲದ ಗ್ರಂಥಿಗಳು

ಜೊಲ್ಲು ನಾಳದ ಮೂಲಕ ಬಾಯಿಗೆ ಬರುವುದು. ನಾಳವೇ ಇಲ್ಲದೆ ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುವ ಗ್ರಂಥಿಗಳೂ ನಮ್ಮ ಶರೀರದಲ್ಲಿ ಉಂಟು. ಆ ರಸಗಳಿಗೆ ಹಾರ್ಮೋನುಗಳೆಂದು ಹೆಸರು.

ಮೇದೋಜೀರಕ ಗ್ರಂಥಿಯನ್ನು ನೋಡಿರಿ. ಅದು ಎರಡು ಉದ್ಯೋಗಗಳುಳ್ಳ ವಿಚಿತ್ರ ಅಂಗ. ಪಾಚಕರಸವು ನಾಳದಿಂದ ಕರುಳಿಗೆ ಇಳಿಯುವುದು. ಅದರೊಳಗೆ ದ್ವೀಪಗಳಂತೆ ಚದುರಿರುವ ಜೀವಕಣಗಳು ಇನ್ಸುಲಿನನ್ನು ರಕ್ತಕ್ಕೇ ಸೇರಿಸುವುವು. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಹೆಚ್ಚಿ, ಸಕ್ಕರೆಯನ್ನು ಸ್ನಾಯುಗಳಿಗೂ ಯಕೃತ್ತಿಗೂ ಸೇರಿಸುವುದು. ಇಳಿದರೆ ಅದೇ ದ್ವೀಪಗಳ ಗ್ಲೂಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನ ಸಂಗ್ರಹವನ್ನು ಹೊರಡಿಸುವುದು.

ಇನ್ಸುಲಿನ್ ಬತ್ತಿದ ಮಕ್ಕಳಿಗೆ ಹಿಂದೆ ಅರೆಹೊಟ್ಟೆಯೇ ಚಿಕಿತ್ಸೆ; ಅದನ್ನು ಚಿಕಿತ್ಸೆಯೆನ್ನಲು ನಾಲಗೆ ಏಳದು. 1922ರ ಜನವರಿ 11ರಂದು ಟೊರಾಂಟೊ ನಗರದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ದನದ ಗ್ರಂಥಿಯಿಂದ ತೆಗೆದ ರಸವನ್ನು ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಚುಚ್ಚಿ ನೋಡಲಾಯಿತು. ಹೆಚ್ಚಿನ ಫಲ ಕಾಣಲಿಲ್ಲ. ಕಾಲಿಪ್ ಅವರು ಶುದ್ಧಿಮಾಡಿದ ರಸವನ್ನು 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು. ಹುಡುಗನು 1935ರವರೆಗೆ ಬದುಕಿದನು.